ಹಣ್ಣು ಬಾಡುವ ಮುನ್ನ: ವಸ್ತುಚಿತ್ರಗಳ ಕುರಿತು ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯ ಕಲಾಪುಟದಲ್ಲಿ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್‌ನ ‘ಸೇಬಿನ ಬುಟ್ಟಿ’ ಚಿತ್ರವನ್ನು ಎರಡು ಸಾಲಿನ ಟಿಪ್ಪಣಿಯೊಂದಿಗೆ ಅಚ್ಚು ಹಾಕಿದ್ದೆವು. ಅದನ್ನು ನೋಡಿ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಹೆಚ್ಚಾಗಿದ್ದುದು ನನಗೆ ಸಂತೋಷ ತಂದಿತು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ‘ಸ್ಟಿಲ್ ಲೈಫ್’ ಎಂಬುದನ್ನು ಕನ್ನಡದಲ್ಲಿ ಕೆಲವರು ‘ಸ್ಥಿರಚಿತ್ರ’ ಎನ್ನುತ್ತಾರೆ. ಆದರೆ ಸಿನಿಮಾದವರು ಆ ಮಾತನ್ನು ಛಾಯಾಚಿತ್ರಕ್ಕೆ ಬಳಸಿಕೊಂಡಿರುವುದರಿಂದ, ಗೊಂದಲ ಬೇಡವೆಂದು, ಡ್ರಾಯಿಂಗ್ ಮೇಷ್ಟ್ರುಗಳ ಬಾಯಲ್ಲಿ ಮೊದಲಿನಿಂದಲೂ ಇರುವ ‘ವಸ್ತುಚಿತ್ರ’ ಎಂಬ ಮಾತನ್ನೇ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಸೇಬು, ಬಾಟಲಿ, ಒಂದು ಬಟ್ಟೆ. ಇವನ್ನು ಬರೆಯುವುದರಲ್ಲಿ ಅಂಥ ದೊಡ್ಡಸ್ತಿಕೆ ಏನಿದೆ? ಪುರಾಣ, ಯುದ್ಧ, ಮನುಷ್ಯರ ಮುಖ ಎಲ್ಲವನ್ನೂ ಬಿಟ್ಟು ತಟ್ಟೆಯಲ್ಲಿನ ಹಣ್ಣನ್ನು ಬರೆಯುವ ಯೋಚನೆ ಯಾರಿಗೆ, ಯಾವಾಗ ಬಂತು?
— ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಯೋಚನೆ ಬಹಳ ಹಳೆಯದು. ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಬರೆದ ಗ್ರಂಥದಲ್ಲಿ ಗ್ರೀಕರ ಮನೆಗಳನ್ನು ವರ್ಣಿಸುತ್ತ ಒಂದು ಪದ್ಧತಿಯನ್ನು ಹೇಳುತ್ತಾನೆ. ಸ್ಥಿತಿವಂತ ಗ್ರೀಕನು ಬಂದ ಅತಿಥಿಯನ್ನು ಮೊದಲ ದಿನ ತನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಿಸಿಕೊಂಡು, ಮರುದಿನದಿಂದ ಅವನ ಬಿಡಾರಕ್ಕೆ ಕೋಳಿ, ಮೊಟ್ಟೆ, ತರಕಾರಿ, ಹಣ್ಣುಗಳನ್ನು ಕಳಿಸಿಕೊಡುತ್ತಿದ್ದನಂತೆ. ನಮ್ಮ ಹಿರಿಯರು ಸ್ವಯಂಪಾಕ ಮಾಡಿಕೊಳ್ಳುವ ಅತಿಥಿಗಳಿಗೆ ‘ಸೀದಾ’ ಎಂದು ಅಡಿಗೆ ಸಾಮಾನು ಕೊಡುತ್ತಿದ್ದರಲ್ಲ, ಕೋಳಿಯೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಅದೇ ಏರ್ಪಾಡು. ಈ ಸಾಮಗ್ರಿಗೆ ‘ಕ್ಸೇನಿಯಾ’ ಎಂದು ಹೆಸರು. ಅದನ್ನು ಬಿಡಿಸಿದ ಚಿತ್ರಗಳಿಗೂ ಅದೇ ಹೆಸರು ಅಂಟಿಕೊಂಡಿತು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಹೂತುಹೋದ ಪಾಂಪೇಯಿ ಮತ್ತು ಹರ್ಕುಲೇನಿಯಮ್ ಪಟ್ಟಣಗಳ ಗೋಡೆಗಳಲ್ಲಿ ಇಂಥ ಚಿತ್ರಗಳು ಉಳಿದುಬಂದಿವೆ. ಪಾಂಪೇಯಿಯ ಜೂಲಿಯಾ ಫೆಲಿಕ್ಸ್ ಎಂಬಾಕೆಯ ಮನೆಯಲ್ಲಿದ್ದ ಮೊಟ್ಟೆಯ ಬಟ್ಟಲು ಮತ್ತು ಗೋಡೆಗೆ ನೇತುಬಿದ್ದ ಹಕ್ಕಿಗಳು, ಹರ್ಕುಲೇನಿಯಮ್‌ನ ಹಸಿರು ಪೀಚ್ ಹಣ್ಣುಗಳು ಮತ್ತು ಪಕ್ಕದಲ್ಲಿರುವ ಗಾಜಿನ ನೀರಿನ ಪಾತ್ರೆ ಈಗ ನೇಪಲ್ಸ್ ನಗರದ ಪುರಾತತ್ವ ವಸ್ತುಸಂಗ್ರಹಾಲಯದಲ್ಲಿವೆ. ಗಾಜಿನೊಳಗೆ ನೀರು ಎಲ್ಲಿಗೆ ನಿಂತಿದೆ ಎಂಬುದು ಸುಮಾರು 2000 ವರ್ಷಗಳ ಮೇಲೂ ಸ್ಪಷ್ಟವಾಗಿ ಕಾಣುತ್ತದೆ.

ಇದೇ ಕಾಲದ ರೋಮನ್ ಲೇಖಕ ಪ್ಲಿನಿ ತನ್ನ ಗ್ರಂಥದಲ್ಲಿ ಗ್ರೀಕ್ ಚಿತ್ರಕಾರ ಜ್ಯೂಕ್ಸಿಸ್‌ನ ಕಥೆ ಹೇಳಿದ್ದಾನೆ. ಅವನು ಬರೆದ ದ್ರಾಕ್ಷಿಗೊಂಚಲನ್ನು ಹಕ್ಕಿಗಳು ಕುಕ್ಕಲು ಬಂದವು. ಆದರೆ ಅವನ ಎದುರಾಳಿ ಪರ್ರೇಸಿಯಸ್ ಬರೆದ ಪರದೆಯನ್ನು ಸ್ವತಃ ಜ್ಯೂಕ್ಸಿಸನೇ ನಿಜವೆಂದು ತಿಳಿದು, ಸರಿಸಿ ಚಿತ್ರ ತೋರಿಸು ಎಂದುಬಿಟ್ಟ. ಈ ಕಥೆ ಬಹಳ ಮಂದಿಗೆ ಗೊತ್ತು. ಅದರ ಬೆನ್ನಿಗೇ ಪ್ಲಿನಿ ಹೇಳುವ ಇನ್ನೊಂದು ಕಥೆ ನನಗೆ ಹೆಚ್ಚು ಇಷ್ಟ. ಜ್ಯೂಕ್ಸಿಸ್ ಮುಂದೊಮ್ಮೆ ದ್ರಾಕ್ಷಿಯನ್ನು ಹೊತ್ತ ಹುಡುಗನ ಚಿತ್ರ ಬರೆದಾಗಲೂ ಹಕ್ಕಿಗಳು ಬಂದವಂತೆ. ಆಗ ಅವನು ತನ್ನ ಚಿತ್ರದ ಮೇಲೇ ಸಿಟ್ಟಾದ. ಹುಡುಗನನ್ನೂ ಅಷ್ಟೇ ಚೆನ್ನಾಗಿ ಬರೆದಿದ್ದರೆ ಹಕ್ಕಿಗಳು ಹೆದರಿ ದೂರ ನಿಲ್ಲಬೇಕಿತ್ತಲ್ಲ ಎಂಬುದು ಅವನ ಕೊರಗು.

ರೋಮ್ ಅಳಿದ ಮೇಲೆ ಸುಮಾರು ಸಾವಿರ ವರ್ಷ ಯೂರೋಪಿನಲ್ಲಿ ವಸ್ತುಗಳು ಧಾರ್ಮಿಕ ಚಿತ್ರದ ಮೂಲೆಗೆ ಸರಿದವು. ಮೇರಿಯ ಪಕ್ಕದಲ್ಲಿ ಲಿಲ್ಲಿ ಹೂವು, ಸಂತನ ಕೈಯಲ್ಲಿ ಪುಸ್ತಕ, ಹೀಗೆ ಪರಿವಾರದವರಂತೆ ನಿಂತವು. ಅವು ತಾವೇ ಚಿತ್ರದ ನಾಯಕರಾದದ್ದು 1600ರ ಆಸುಪಾಸಿನಲ್ಲಿ, ಒಂದಕ್ಕಿಂತ ಹೆಚ್ಚು ಕಡೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಇಟಲಿಯಲ್ಲಿ ಕರವಾಜ್ಜೋ ಸುಮಾರು 1599ರಲ್ಲಿ ಬರೆದ ‘ಹಣ್ಣಿನ ಬುಟ್ಟಿ’ ಈಗ ಮಿಲಾನ್ ನಗರದ ಅಂಬ್ರೋಸಿಯಾನಾ ಸಂಗ್ರಹದಲ್ಲಿದೆ. ಅದನ್ನು ಹೊಂದಿದ್ದ ಕಾರ್ಡಿನಲ್ ಫೆದೆರಿಗೋ ಬೊರೊಮೇಯೋ, ಜೋಡಿಯಾಗಿ ಪಕ್ಕದಲ್ಲಿ ತೂಗುಹಾಕಲು ಇನ್ನೊಂದು ಚಿತ್ರ ಬೇಕೆಂದು ಹುಡುಕಿ, ಸರಿಗಟ್ಟುವಂಥದ್ದು ಸಿಗದೆ ಒಂಟಿಯಾಗಿಯೇ ಬಿಟ್ಟುದಾಗಿ ಬರೆದಿಟ್ಟಿದ್ದಾನೆ. ಸ್ಪೇನಿನಲ್ಲಿ ಸಾಂಚೆಸ್ ಕೊತಾನ್ ಸುಮಾರು 1602ರಲ್ಲಿ ಬರೆದ ಚಿತ್ರದಲ್ಲಿ ಕಲ್ಲಿನ ಕಿಟಕಿಯಂಥ ಚೌಕಟ್ಟು, ಹಿಂದೆ ಕಡುಗತ್ತಲೆ, ಸೇಬಿನ ಬಳಗದ ಕ್ವಿನ್ಸ್ ಹಣ್ಣು ಮತ್ತು ಎಲೆಕೋಸು ದಾರದಿಂದ ತೂಗುಬಿದ್ದಿವೆ. ಕೆಳಗೆ ಕೊಯ್ದ ಕರಬೂಜ ಮತ್ತು ಸೌತೆಕಾಯಿ. ತರಕಾರಿ ಬೇಗ ಕೊಳೆಯದಿರಲೆಂದು ಹೀಗೆ ಕಟ್ಟುವುದು ಅಲ್ಲಿನ ಉಗ್ರಾಣಗಳ ರೂಢಿ. ನಾಲ್ಕೂ ಸೇರಿ ಎಡಮೇಲಿನಿಂದ ಬಲಕೆಳಕ್ಕೆ ಒಂದು ಬಾಗಿದ ರೇಖೆಯಾಗುತ್ತವೆ. ಸೌತೆಕಾಯಿಯ ತುದಿ ಕಟ್ಟೆಯ ಅಂಚನ್ನು ದಾಟಿ ನಮ್ಮ ಕಡೆಗೆ ಚಾಚಿದೆ, ಕೈ ತಗುಲಿದರೆ ಉರುಳಿ ಬೀಳುವ ಹಾಗೆ. ಇದನ್ನು ಬರೆದ ಒಂದೆರಡು ವರ್ಷಗಳಲ್ಲೇ ಕೊತಾನ್ ಕಾರ್ಥೂಸಿಯನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠ ಸೇರಿದ.

ದೊಡ್ಡಸ್ತಿಕೆಯ ಪ್ರಶ್ನೆಗೆ ಕರವಾಜ್ಜೋನ ಬುಟ್ಟಿಯನ್ನೇ ಮುಂದಿಟ್ಟು ಉತ್ತರಿಸುತ್ತೇನೆ. ಎದುರಿಗಿರುವ ಸೇಬಿನಲ್ಲಿ ಹುಳುಕಿನ ತೂತಿದೆ. ದ್ರಾಕ್ಷಿ ಎಲೆಗಳಲ್ಲಿ ಕೆಲವು ಚುಕ್ಕೆ ಹಿಡಿದಿವೆ. ಬಲಗಡೆಯವು ಒಣಗಿ ಸುರುಟಿಕೊಂಡಿವೆ. ರಾಜನ ಮುಖ ಬರೆಯುವವನಿಗೆ ರಾಜ ಮತ್ತೆ ನಾಳೆ ಬಂದು ಕೂರುತ್ತಾನೆ. ಹಣ್ಣು ಬರೆಯುವವನ ಎದುರಿನ ವಸ್ತು ಅವನು ಬರೆಯುತ್ತಿರುವಾಗಲೇ ಬೇರೆಯಾಗುತ್ತ ಹೋಗುತ್ತದೆ. ಅಲುಗಾಡದ ವಸ್ತುಗಳ ಚಿತ್ರವೆಂದು ನಾವು ಕರೆಯುವ ಈ ಪ್ರಕಾರದ ಚಿತ್ರಕಾರನಿಗೆ ನಿಜವಾದ ತೊಡಕು ಕಾಲದ್ದು. ಯಾರು ಆ ತೊಡಕನ್ನು ಹೇಗೆ ನಿಭಾಯಿಸಿದರು ಎಂದು ನೋಡುತ್ತ ಹೋದರೆ ಒಂದು ಬುಟ್ಟಿಗೂ ಇನ್ನೊಂದು ಬುಟ್ಟಿಗೂ ಇರುವ ದೂರ ತಿಳಿಯುತ್ತದೆ. ಕರವಾಜ್ಜೋ ಬಾಡಿದ ಎಲೆಯನ್ನು ಕಿತ್ತುಹಾಕಿ ಹೊಸದನ್ನು ಸಿಕ್ಕಿಸಲಿಲ್ಲ, ಬಾಡಿದ್ದನ್ನೇ ಬರೆದ.

ಪ್ರಶ್ನೆ: ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಮಗನ ಮನೆಗೆ ಹೋದಾಗ ಅಲ್ಲಿನ ರೈಕ್ಸ್ ಮ್ಯೂಸಿಯಂ ನೋಡಿದೆ. ಅರ್ಧ ಸುಲಿದ ನಿಂಬೆ, ಉರುಳಿದ ಲೋಟ, ಮುರಿದ ಬ್ರೆಡ್ಡು, ಕೆಲವು ಚಿತ್ರಗಳಲ್ಲಿ ತಲೆಬುರುಡೆ! ಎಂಜಲು ತಟ್ಟೆಯನ್ನು ಬರೆಸಿ ಗೋಡೆಗೆ ತೂಗುಹಾಕುವುದು ಎಂಥ ರುಚಿ?
— ಗೃಹಿಣಿ, ಶಿವಮೊಗ್ಗ

ಎಂಜಲಿನ ಕಲ್ಪನೆ ಇರುವ ನಮಗೆ ಈ ಪ್ರಶ್ನೆ ಏಳುವುದು ಸಹಜವೇ. ಮೊದಲು, ಆ ಚಿತ್ರಗಳು ಯಾರಿಗಾಗಿ ಹುಟ್ಟಿದವು ಎಂಬುದನ್ನು ನೋಡೋಣ. 17ನೇ ಶತಮಾನದ ಡಚ್ ಗಣರಾಜ್ಯದಲ್ಲಿ ಪ್ರಾಟೆಸ್ಟೆಂಟ್ ಚರ್ಚುಗಳು ಪೂಜಾಸ್ಥಳದೊಳಗೆ ಚಿತ್ರಗಳನ್ನು ಇಡುತ್ತಿರಲಿಲ್ಲ. ಚಿತ್ರಕಾರರು ಬದುಕಬೇಕಾದರೆ ವರ್ತಕರ, ಕುಶಲಕರ್ಮಿಗಳ ಮನೆಗೋಡೆಗಳಿಗೆ ಬರೆದು ಮಾರಬೇಕಿತ್ತು. ಪೈಪೋಟಿ ಹೆಚ್ಚಾದಂತೆ ಒಬ್ಬೊಬ್ಬರು ಒಂದೊಂದರಲ್ಲಿ ಪಳಗಿದರು: ಒಬ್ಬನಿಗೆ ಹೂವು, ಒಬ್ಬನಿಗೆ ಮೀನು, ಇನ್ನೊಬ್ಬನಿಗೆ ಊಟದ ಮೇಜು. ‘ಸ್ಟಿಲ್ಲೇವನ್’ ಎಂಬ ಡಚ್ ಮಾತು ಚಾಲ್ತಿಗೆ ಬಂದದ್ದೂ ಅಲ್ಲೇ, ಸುಮಾರು 1650ರಲ್ಲಿ. ಇಂಗ್ಲಿಷಿನ ‘ಸ್ಟಿಲ್ ಲೈಫ್’ ಅದರದೇ ಅನುವಾದ. ಫ್ರೆಂಚರು ಮುಂದೆ ಇದನ್ನು ‘ಸತ್ತ ಪ್ರಕೃತಿ’ ಎಂಬರ್ಥದ ಮಾತಿನಿಂದ ಕರೆದರು. ಎರಡು ಭಾಷೆಗಳ ಮನೋಧರ್ಮದ ಅಂತರವನ್ನು ಈ ಎರಡು ಹೆಸರುಗಳಲ್ಲೇ ಕಾಣಬಹುದು.

ತಾವು ನೋಡಿದ ಮ್ಯೂಸಿಯಮಿನಲ್ಲೇ ಹಾರ್ಲೆಮ್ ನಗರದ ಪೀಟರ್ ಕ್ಲಾಸ್ 1627ರಲ್ಲಿ ಬರೆದ, ಟರ್ಕಿ ಕೋಳಿಯ ಪೈ ಇರುವ ಮೇಜಿನ ಚಿತ್ರವಿದೆ. ಪೈಯ ಮೇಲೆ ಆ ಹಕ್ಕಿಯನ್ನೇ ಗರಿಗಳ ಸಮೇತ ಅಲಂಕಾರಕ್ಕೆ ಕೂರಿಸಲಾಗಿದೆ. ಸುತ್ತ ಸಿಂಪಿಗಳು, ನಿಂಬೆ, ನಾಟಿಲಸ್ ಎಂಬ ಕಡಲಜೀವಿಯ ಚಿಪ್ಪಿನಿಂದ ಮಾಡಿದ ಪಾನಪಾತ್ರೆ. ಇಷ್ಟು ಆಡಂಬರದ ನಡುವೆ ನನ್ನ ಕಣ್ಣು ಪ್ರತಿ ಸಲವೂ ಹೋಗಿ ನಿಲ್ಲುವುದು ಒಂದು ಕಾಗದದ ಪೊಟ್ಟಣದ ಮೇಲೆ. ಪಂಚಾಂಗದ ಹಾಳೆಯೊಂದನ್ನು ಹರಿದು, ನಮ್ಮ ಕಿರಾಣಿ ಅಂಗಡಿಗಳಲ್ಲಿ ಹಿಂದೆ ಸುತ್ತಿಕೊಡುತ್ತಿದ್ದ ಹಾಗೆಯೇ ಸುತ್ತಿ, ಅದರಲ್ಲಿ ಮೆಣಸು ಇಟ್ಟಿದ್ದಾನೆ. ಹಾಳೆಯ ಮೇಲಿನ ಅಚ್ಚು ಕೂಡ ಕಾಣುತ್ತದೆ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ತಂದ ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯದೋ, ಸುಮಾತ್ರಾದ್ದೋ ಎಂದು ಚಿತ್ರ ಹೇಳುವುದಿಲ್ಲ. ಆದರೆ ಮಲೆನಾಡಿನ ಕಡೆಯವರು ಆ ಪೊಟ್ಟಣದ ಮುಂದೆ ಒಂದು ಕ್ಷಣ ಹೆಚ್ಚು ನಿಂತರೆ ತಪ್ಪೇನಿಲ್ಲ.

ಅರ್ಧ ಸುಲಿದ ನಿಂಬೆಗೆ ಬರೋಣ. ಒಂದೇ ಹಣ್ಣಿನಲ್ಲಿ ಮೂರು ಬಗೆಯ ಮೈ ಅಲ್ಲಿ ಸಿಗುತ್ತದೆ: ಹೊರಗಿನ ಒರಟು ಹಳದಿ, ಒಳಗಿನ ಬತ್ತಿದ ಬಿಳಿ ತಿರುಳು, ಬೆಳಕು ತೂರಿಬರುವ ತೊಳೆ. ಮೇಜಿನ ಅಂಚಿನಿಂದ ಸುರುಳಿಯಾಗಿ ಕೆಳಗಿಳಿಯುವ ಸಿಪ್ಪೆಯನ್ನು ಬರೆಯುವವನು ತನ್ನ ಕೈಚಳಕದ ಸರ್ಟಿಫಿಕೇಟನ್ನೇ ಬರೆದುಕೊಡುತ್ತಿದ್ದ. ಉರುಳಿದ ಲೋಟವೂ ಹಾಗೆಯೇ. ನೆಟ್ಟಗೆ ನಿಂತ ಲೋಟಕ್ಕಿಂತ ಅಡ್ಡಬಿದ್ದ ಲೋಟವನ್ನು ಬರೆಯುವುದು ಕಷ್ಟ. ಜೊತೆಗೆ, ಮುರಿದ ಬ್ರೆಡ್ಡು, ಅಂಚಿಗೆ ಸರಿದ ಚೂರಿ ಇವು ಈಗ ತಾನೇ ಇಲ್ಲಿ ಯಾರೋ ಕೂತಿದ್ದು ಎದ್ದುಹೋದರು ಎಂಬ ಭಾವನೆಯನ್ನು ತರುತ್ತವೆ. ಮನುಷ್ಯರಿಲ್ಲದ ಚಿತ್ರದಲ್ಲಿ ಮನುಷ್ಯರ ಸುಳಿವು ಎಂಜಲಿನಿಂದಲೇ ಸಿಗುತ್ತದೆ ಎನ್ನಬೇಕು.

ತಲೆಬುರುಡೆ, ಮರಳುಗಡಿಯಾರ, ಆರಿದ ಮೇಣದ ಬತ್ತಿ ಇರುವವು ‘ವಾನಿಟಾಸ್’ ಎಂಬ ಬೇರೆ ಗುಂಪಿನವು. ಬೈಬಲಿನ ‘ಪ್ರಸಂಗಿ’ ಗ್ರಂಥದಲ್ಲಿ ಬರುವ ‘ಸಮಸ್ತವೂ ವ್ಯರ್ಥ’ ಎಂಬ ಮಾತು ಅವುಗಳ ಮೂಲ. ವಿಶ್ವವಿದ್ಯಾಲಯವಿದ್ದ ಲೈಡನ್ ನಗರದಲ್ಲಿ ಅವು ಹೆಚ್ಚು ಬೆಳೆದವು. ಸಂಪತ್ತು ನಿಲ್ಲುವುದಿಲ್ಲ ಎಂಬ ವೈರಾಗ್ಯವನ್ನು ಸಂಪತ್ತಿದ್ದವರು ದುಡ್ಡು ಕೊಟ್ಟು ಕೊಂಡು ಊಟದ ಕೋಣೆಯಲ್ಲಿ ತೂಗುಹಾಕಿಕೊಂಡರು ಎಂಬ ವಿನೋದವನ್ನು ಆ ಕಾಲದವರೂ ಗಮನಿಸದೆ ಇರಲಾರರು. ಆದರೆ ಪ್ರತಿಯೊಂದು ನಿಂಬೆಗೂ ಸಿಂಪಿಗೂ ಒಂದೊಂದು ಗೂಢಾರ್ಥ ಹಚ್ಚುವ ಕೈಪಿಡಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಿಂಬೆ ಬಹಳಷ್ಟು ಸಲ ನಿಂಬೆಯೇ.

ಹೂವಿನ ಚಿತ್ರಗಳ ವಿಷಯದಲ್ಲಿ ಮಾತ್ರ ಒಂದು ಗುಟ್ಟು ಹೇಳಬೇಕು. ವಸಂತದ ಟ್ಯೂಲಿಪ್ಪೂ ಬೇಸಿಗೆಯ ಗುಲಾಬಿಯೂ ಒಂದೇ ಹೂದಾನಿಯಲ್ಲಿ ಅರಳಿರುವ ಆ ಗೊಂಚಲುಗಳು ನಿಜದಲ್ಲಿ ಎಂದೂ ಇದ್ದಿರಲು ಸಾಧ್ಯವಿಲ್ಲ. ಕೆಲವರು ಹಳೆಯ ಅಭ್ಯಾಸಚಿತ್ರಗಳನ್ನು ನೋಡಿ ಸೇರಿಸಿದರು, ಕೆಲವರು ಕಾದರು. ಯಾನ್ ವಾನ್ ಹಾಯ್ಸಮ್‌ನ ಒಂದು ಹೂದಾನಿಯ ಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಮೇಲೆ 1736 ಮತ್ತು 1737 ಎಂಬ ಎರಡು ಇಸವಿಗಳಿವೆ. ಬೇಕಾದ ಹೂವು ಮುಂದಿನ ಋತುವಿನಲ್ಲಿ ಅರಳುವ ತನಕ ಕ್ಯಾನ್ವಾಸು ಗೋಡೆಗೆ ಒರಗಿ ಕಾದಿತ್ತು ಎಂದಾಯಿತು.

ಪ್ರಶ್ನೆ: ವಸ್ತುಚಿತ್ರವನ್ನು ಚಿತ್ರಕಲೆಯ ಅತ್ಯಂತ ಕೆಳಗಿನ ದರ್ಜೆ ಎಂದು ಒಂದು ಕಡೆ ಓದಿದೆ. ಹಾಗೆ ದರ್ಜೆ ಹಚ್ಚಿದವರು ಯಾರು?
— ಕಾಲೇಜು ಅಧ್ಯಾಪಕ, ಕಲಬುರಗಿ

ಕಾಗದದ ಮೇಲೆ ಬರೆದಿಟ್ಟವನು ಫ್ರಾನ್ಸಿನ ಆಂದ್ರೆ ಫೆಲಿಬಿಯಾಂ, 1667ರಲ್ಲಿ. ರಾಜಾಶ್ರಯದ ಕಲಾ ಅಕಾಡೆಮಿಯ ಉಪನ್ಯಾಸಗಳಿಗೆ ಬರೆದ ಮುನ್ನುಡಿಯಲ್ಲಿ ಅವನು, ಹಣ್ಣು, ಹೂವು, ಚಿಪ್ಪು ಬರೆಯುವವನಿಗಿಂತ ಭೂದೃಶ್ಯ ಬರೆಯುವವನು ಮೇಲು, ಅವನಿಗಿಂತ ಜೀವಂತ ಪ್ರಾಣಿಗಳನ್ನು ಬರೆಯುವವನು, ಮನುಷ್ಯರನ್ನು ಬರೆಯುವವನು, ಎಲ್ಲಕ್ಕೂ ಮೇಲೆ ಇತಿಹಾಸ ಪುರಾಣಗಳನ್ನು ಬರೆಯುವವನು ಎಂದು ಮೆಟ್ಟಿಲು ಕಟ್ಟಿದ. ವರ್ಣವ್ಯವಸ್ಥೆ ಎಲ್ಲ ಕಡೆಯೂ ಇರುತ್ತದೆ.

ಆ ಕೆಳಗಿನ ಮೆಟ್ಟಿಲಲ್ಲೇ ಕೂತು ಇಡೀ ಏಣಿಯನ್ನು ಅಲುಗಾಡಿಸಿದವನು ಜಾನ್ ಸಿಮೆಯೋಂ ಶಾರ್ದಾಂ. 1728ರಲ್ಲಿ ಅಕಾಡೆಮಿ ಅವನನ್ನು ‘ಪ್ರಾಣಿ ಮತ್ತು ಹಣ್ಣುಗಳ ಚಿತ್ರಕಾರ’ ಎಂದು ಸೇರಿಸಿಕೊಂಡಿತು. ಅಂದು ಅವನು ಒಪ್ಪಿಸಿದ ಚಿತ್ರಗಳಲ್ಲೊಂದು ಈಗ ಲೂವ್ರ್ ಸಂಗ್ರಹದಲ್ಲಿರುವ ‘ತೊರಕೆ ಮೀನು’: ಕೊಕ್ಕೆಗೆ ನೇತುಹಾಕಿ ಹೊಟ್ಟೆ ಬಗೆದ ಮೀನು, ಅದರ ಮುಖದಲ್ಲಿ ನಗುವೋ ನೋವೋ ತಿಳಿಯದ ಒಂದು ಭಾವ, ಕೆಳಗೆ ಸಿಂಪಿಗಳ ಮೇಲೆ ಬೆನ್ನು ಬಾಗಿಸಿ ಕೂದಲು ನಿಗುರಿಸಿದ ಬೆಕ್ಕು. ಫ್ರೆಂಚ್ ತತ್ತ್ವಜ್ಞಾನಿ ದಿದರೋ 1763ರ ಪ್ರದರ್ಶನದ ವಿಮರ್ಶೆಯಲ್ಲಿ, ಶಾರ್ದಾಂ ಬಣ್ಣವನ್ನಲ್ಲ, ವಸ್ತುವಿನ ಸಾರವನ್ನೇ, ಗಾಳಿ ಬೆಳಕುಗಳನ್ನೇ ಕುಂಚದ ತುದಿಗೆ ತೆಗೆದುಕೊಳ್ಳುತ್ತಾನೆ ಎಂಬರ್ಥದಲ್ಲಿ ಹೊಗಳಿದ್ದಾನೆ. ಹತ್ತಿರ ಹೋದರೆ ಬರೀ ಬಣ್ಣದ ಪದರ, ದೂರ ಸರಿದರೆ ಆಲಿವ್ ಕಾಯಿಯ ಭರಣಿ. ಇದು ಅವನ ಚಿತ್ರಗಳನ್ನು ನೋಡಿದ ಎಲ್ಲರ ಅನುಭವ.

ಈ ದರ್ಜೆ ಹಚ್ಚುವಿಕೆಯಿಂದ ಒಂದು ವರ್ಗಕ್ಕೆ ಮಾತ್ರ ದಾರಿ ತೆರೆದಂತಾಯಿತು. ನಗ್ನ ಮಾದರಿಯನ್ನು ನೋಡಿ ಅಭ್ಯಾಸ ಮಾಡಲು ಹೆಂಗಸರಿಗೆ ಅವಕಾಶವಿರಲಿಲ್ಲವಾದ್ದರಿಂದ ಪುರಾಣ ಇತಿಹಾಸದ ಚಿತ್ರಗಳು ಅವರ ಕೈಗೆಟುಕುತ್ತಿರಲಿಲ್ಲ. ‘ಕೀಳು’ ಎಂದು ಬಿಟ್ಟ ಹೂವು ಹಣ್ಣುಗಳಲ್ಲಿ ಅವರು ಅಗ್ರಪಂಕ್ತಿಗೆ ಬಂದರು. ಆಂಟ್‌ವರ್ಪ್‌ನ ಕಡೆಯ ಕ್ಲಾರಾ ಪೇಟರ್ಸ್ 1611ರ ಸುಮಾರಿಗೆ ಬರೆದ ಚಿತ್ರಗಳಲ್ಲಿ ಲೋಹದ ಪಾತ್ರೆಗಳ ಹೊಳಪಿನ ಉಬ್ಬುಗಳೊಳಗೆ ತನ್ನದೇ ಪುಟ್ಟ ಪ್ರತಿಬಿಂಬವನ್ನು ಅಡಗಿಸಿಟ್ಟಿದ್ದಾಳೆ, ಹುಡುಕಿದವರಿಗೆ ಸಿಗುತ್ತದೆ. ಆಮ್‌ಸ್ಟರ್‌ಡ್ಯಾಮಿನ ರಾಖೆಲ್ ರಾಯ್ಸ್ ಅಂಗರಚನಾ ಶಾಸ್ತ್ರಜ್ಞನೊಬ್ಬನ ಮಗಳು. ಹತ್ತು ಮಕ್ಕಳ ತಾಯಿಯಾಗಿ, ಜರ್ಮನಿಯ ಆಸ್ಥಾನವೊಂದರ ಚಿತ್ರಕಾರ್ತಿಯೂ ಆಗಿ, 1747ರಲ್ಲಿ ಬರೆದ ಹೂವಿನ ಚಿತ್ರದ ಮೇಲೆ ತನಗೆ 83 ವಯಸ್ಸು ಎಂದು ತಾನೇ ಬರೆದುಕೊಂಡಳು. ಆ ಹೆಮ್ಮೆ ಅವಳಿಗೆ ಸಲ್ಲತಕ್ಕದ್ದು.

1880ರ ಹೊತ್ತಿಗೆ ಮೆಟ್ಟಿಲುಗಳ ಭಯ ಹೋಗಿತ್ತು. ಆ ವರ್ಷ ಎದುವಾರ್ ಮಾನೆ, ನಮ್ಮ ಹಲವು ಮಕ್ಕಳ ತಾಯಿ ಬೇರಿನ ಬಳಗಕ್ಕೆ ಸೇರಿದ ಆಸ್ಪರಾಗಸ್ ಎಂಬ ತರಕಾರಿಯ ಒಂದು ಕಟ್ಟನ್ನು ಬರೆದು 800 ಫ್ರಾಂಕಿಗೆ ಮಾರಿದ. ಕೊಂಡ ಶಾರ್ಲ್ ಎಫ್ರುಸಿ 1000 ಫ್ರಾಂಕ್ ಕಳಿಸಿಕೊಟ್ಟ. ಮಾನೆ ಸುಮ್ಮನಿರದೆ, ಒಂದೇ ಒಂದು ಆಸ್ಪರಾಗಸ್ ದಂಟಿನ ಚಿಕ್ಕ ಚಿತ್ರ ಬರೆದು, ತಮ್ಮ ಕಟ್ಟಿನಲ್ಲಿ ಇದೊಂದು ಕಡಿಮೆಯಿತ್ತು ಎಂದು ಚೀಟಿ ಇಟ್ಟು ಕಳಿಸಿದ. ಕಟ್ಟು ಈಗ ಜರ್ಮನಿಯ ಕಲೋನ್‌ನಲ್ಲಿದೆ, ಒಂಟಿ ದಂಟು ಪ್ಯಾರಿಸಿನ ಓರ್ಸೇ ಮ್ಯೂಸಿಯಮಿನಲ್ಲಿದೆ.

ಪ್ರಶ್ನೆ: ನೀವು ಅಚ್ಚು ಹಾಕಿದ ಸೆಜಾನ್ ಚಿತ್ರದಲ್ಲಿ ಮೇಜಿನ ಅಂಚು ಎಡಗಡೆ ಒಂದು ಎತ್ತರದಲ್ಲಿದೆ, ಬಲಗಡೆ ಇನ್ನೊಂದರಲ್ಲಿ. ಬಾಟಲಿ ವಾಲಿದೆ. ನಾನು ಹೀಗೆ ಬರೆದರೆ ನಮ್ಮ ಸರ್ ಅಂಕ ಕಳೆಯುತ್ತಾರೆ. ಅವನಿಗೇಕೆ ರಿಯಾಯಿತಿ?
— ಚಿತ್ರಕಲಾ ವಿದ್ಯಾರ್ಥಿ, ಮೈಸೂರು

ನಿಮ್ಮ ಸರ್ ಸರಿಯಾಗಿಯೇ ಮಾಡುತ್ತಿದ್ದಾರೆ. ಮೊದಲು ಮೇಜನ್ನು ನೆಟ್ಟಗೆ ಬರೆಯಲು ಬರಬೇಕು. ಆದರೆ ನೀವು ಗಮನಿಸಿದ್ದು ನೂರಕ್ಕೆ ನೂರು ನಿಜ. ಸುಮಾರು 1893ರ ಆ ಚಿತ್ರ ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಬಿಳಿ ಬಟ್ಟೆಯ ಅಡಿಗೆ ಹೋದ ಮೇಜಿನ ಅಂಚು ಅತ್ತ ಕಡೆ ಬೇರೆ ಎತ್ತರದಲ್ಲಿ ಹೊರಬರುತ್ತದೆ. ಬುಟ್ಟಿ ಮುಂದಕ್ಕೆ ಬಾಗಿದೆ, ಬಿಸ್ಕತ್ತಿನ ತಟ್ಟೆಯನ್ನು ನಾವು ಮೇಲಿನಿಂದಲೂ ಪಕ್ಕದಿಂದಲೂ ನೋಡುತ್ತಿದ್ದೇವೆ, ಆದರೂ ಒಂದು ಸೇಬೂ ಉರುಳುವುದಿಲ್ಲ. ದೂರದ್ದನ್ನು ಚಿಕ್ಕದಾಗಿ, ಹತ್ತಿರದ್ದನ್ನು ದೊಡ್ಡದಾಗಿ ಬರೆಯಿಸುವ ಪರ್ಸ್‌ಪೆಕ್ಟಿವ್ ನಿಯಮವು ನೋಡುವವನು ಒಂದೇ ಕಣ್ಣು ತೆರೆದು ಕದಲದೆ ಕೂತಿದ್ದಾನೆ ಎಂದು ಭಾವಿಸುತ್ತದೆ. ನಾವು ಹಾಗೆ ನೋಡುವುದಿಲ್ಲ. ಎರಡು ಕಣ್ಣಿನಿಂದ, ತಲೆ ಹೊರಳಿಸುತ್ತ, ಹೊತ್ತು ತೆಗೆದುಕೊಂಡು ನೋಡುತ್ತೇವೆ. ಬೇರೆ ಬೇರೆ ಹೊತ್ತಿನ ನೋಟಗಳನ್ನು ಸೆಜಾನ್ ಒಂದೇ ಹಲಗೆಗೆ ತಂದು, ಅವು ಪರಸ್ಪರ ತೂಗಿಕೊಂಡು ನಿಲ್ಲುವ ಹಾಗೆ ಮಾಡಿದ.

ಅವನು ಬಹಳ ನಿಧಾನಿ. ಜೋಡಿಸುವಾಗ ಹಣ್ಣುಗಳ ಕೆಳಗೆ ನಾಣ್ಯಗಳನ್ನಿಟ್ಟು ಬೇಕಾದ ಕೋನಕ್ಕೆ ವಾಲಿಸುತ್ತಿದ್ದನೆಂದು ಕಂಡವರು ಬರೆದಿದ್ದಾರೆ. ನಿಜವಾದ ಹೂವು ಅವನ ಕೆಲಸ ಮುಗಿಯುವ ತನಕ ಉಳಿಯುತ್ತಿರಲಿಲ್ಲವಾದ್ದರಿಂದ ಕಾಗದದ ಹೂವುಗಳನ್ನು ಇಟ್ಟುಕೊಂಡನಂತೆ. ವಾನ್ ಹಾಯ್ಸಮ್ ಹೂವಿಗಾಗಿ ವರ್ಷ ಕಾದರೆ ಇವನು ಬಾಡದ ಹೂವನ್ನೇ ತಂದುಕೊಂಡ. ಒಂದು ಸೇಬಿನಿಂದ ಪ್ಯಾರಿಸನ್ನು ಬೆರಗುಗೊಳಿಸುತ್ತೇನೆ ಎಂಬ ಅವನ ಮಾತನ್ನು ವಿಮರ್ಶಕ ಗುಸ್ತಾವ್ ಜೆಫ್ರುವಾ ದಾಖಲಿಸಿದ್ದಾನೆ. ಬೆರಗಾದವರಲ್ಲಿ ಪಿಕಾಸೋ ಒಬ್ಬ; 1912ರಲ್ಲಿ ಅವನು ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯ ತುಂಡನ್ನೇ ವಸ್ತುಚಿತ್ರವೊಂದಕ್ಕೆ ಅಂಟಿಸಿ, ಸುತ್ತ ಹಗ್ಗ ಕಟ್ಟಿ, ಚಿತ್ರ ಎಲ್ಲಿ ಮುಗಿದು ವಸ್ತು ಎಲ್ಲಿ ಶುರುವಾಗುತ್ತದೆ ಎಂಬ ಜ್ಯೂಕ್ಸಿಸ್‌ನ ಕಾಲದ ಪ್ರಶ್ನೆಯನ್ನು ತಲೆಕೆಳಗು ಮಾಡಿದ.

ಪ್ರಶ್ನೆ: ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಫೋಟೋ ಬರುವಾಗ ಬಾಟಲಿಯನ್ನು ಬರೆಯುವುದೇಕೆ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಕ್ಯಾಮೆರಾ ಹುಟ್ಟಿದಾಗ ಅದು ಮಾಡಿದ ಮೊದಲ ಕೆಲಸಗಳಲ್ಲೊಂದು ವಸ್ತುಚಿತ್ರವೇ. ಲೂಯಿ ದಾಗೇರ್ 1837ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಕಿಟಕಿಯ ಬಳಿ ಇಟ್ಟ ಗಾರೆಯ ಪ್ರತಿಮೆಗಳು ಮತ್ತು ಬೆತ್ತ ಹೆಣೆದ ಬಾಟಲಿ ಇವೆ. ಬೆಳಕು ಫಲಕಕ್ಕೆ ಹಿಡಿಯಲು ಬಹಳ ಹೊತ್ತು ಬೇಕಾಗುತ್ತಿದ್ದುದರಿಂದ ಅಲುಗಾಡದವರೇ ಬೇಕಾಗಿತ್ತು.

ಬಾಟಲಿಯನ್ನು ಬರೆಯುವುದೇಕೆ ಎಂಬುದಕ್ಕೆ ಇಟಲಿಯ ಜಾರ್ಜೋ ಮೊರಾಂಡಿಯನ್ನು ಬಿಟ್ಟು ಬೇರೆ ಉತ್ತರ ನನಗೆ ತೋಚುವುದಿಲ್ಲ. 1890ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡ ಈತ ಬೊಲೊನ್ಯಾ ನಗರದಲ್ಲಿ ಮೂವರು ತಂಗಿಯರೊಂದಿಗೆ ಒಂದೇ ಮನೆಯಲ್ಲಿ ಬಾಳಿ, ಅಲ್ಲಿನ ಕಲಾ ಅಕಾಡೆಮಿಯಲ್ಲಿ ಎಚಿಂಗ್ (ಆಮ್ಲದಿಂದ ಲೋಹದ ತಗಡು ಕೊರೆದು ಅಚ್ಚು ತೆಗೆಯುವ ಕಲೆ) ಕಲಿಸುತ್ತ, ದಶಕಗಟ್ಟಲೆ ಅವೇ ಬಾಟಲಿ, ಹೂಜಿ, ಡಬ್ಬಿಗಳನ್ನು ಬರೆದ. ಗಾಜಿನ ಹೊಳಪು ಬೇಡವೆಂದು ಅವುಗಳಿಗೆ ಬಣ್ಣ ಬಳಿಯುತ್ತಿದ್ದ. ಮೇಲೆ ಕೂತ ಧೂಳನ್ನು ಒರೆಸುತ್ತಿರಲಿಲ್ಲ. ಪಕ್ಕಪಕ್ಕದ ಎರಡು ಚಿತ್ರಗಳಲ್ಲಿ ಒಂದು ಡಬ್ಬಿ ಎರಡು ಬೆರಳಿನಷ್ಟು ಸರಿದಿರುತ್ತದೆ, ಅಷ್ಟೇ. ಆದರೆ ಅಷ್ಟಕ್ಕೇ ಎರಡು ಬಾಟಲಿಗಳ ನಡುವಿನ ಸಂದಿ ಮುಚ್ಚಿ, ಚಿತ್ರದ ಉಸಿರೇ ಬದಲಾಗುತ್ತದೆ. ಹಣ್ಣಿನಂತೆ ಬಾಡದ, ಧೂಳು ಮಾತ್ರ ಹಿಡಿಯುವ ವಸ್ತುಗಳನ್ನು ಆರಿಸಿಕೊಂಡವನಿಗೆ ಕಾಲವೂ ಧೂಳಿನ ಪದರದಷ್ಟೇ ಮೆತ್ತಗೆ ಬಂದು ಕೂತಿತು. ನಿಮ್ಮ ಮೊಬೈಲು ಒಂದು ಸೆಕೆಂಡಿನ ಚೂರಿನಲ್ಲಿ ಮುಗಿಸುವ ಕೆಲಸಕ್ಕೆ ಅವನು ವಾರಗಳನ್ನು ಕೊಟ್ಟ, ಮತ್ತು ಆ ವಾರಗಳು ಚಿತ್ರದಲ್ಲಿ ಕಾಣುತ್ತವೆ.

ಪ್ರಶ್ನೆ: ನಮ್ಮ ಪರಂಪರೆಯಲ್ಲಿ ಇಂಥ ಚಿತ್ರಗಳು ಏಕಿಲ್ಲ?
— ಯಕ್ಷಗಾನ ಹವ್ಯಾಸಿ, ಪುತ್ತೂರು

ಹತ್ತಿರದ್ದು ಇದೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಕಾಶ್ಮೀರದಲ್ಲಿ ನೂರಕ್ಕೂ ಹೆಚ್ಚು ಹೂವುಗಳನ್ನು ಬರೆದನೆಂದು ಆ ಬಾದಶಹನೇ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಅವು ಸಸ್ಯಶಾಸ್ತ್ರಜ್ಞನ ಕುತೂಹಲದಿಂದ ಬರೆದವು. ಮೇಜಿನ ಮೇಲೆ ಜೋಡಿಸಿಟ್ಟವಲ್ಲ. ನಮ್ಮ ಮೈಸೂರು ಶೈಲಿಯ ಚಿತ್ರಗಳಲ್ಲಿ ವೀಣೆ, ದೀಪ, ಹಣ್ಣಿನ ತಟ್ಟೆ ಎಲ್ಲವೂ ಇವೆ, ಆದರೆ ದೇವರ ಸನ್ನಿಧಿಯಲ್ಲಿ. ದೇವರು ಎದ್ದುಹೋದ ಮೇಲೆ ಉಳಿದ ತಟ್ಟೆಯನ್ನು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಮೇಜಿನ ಮೇಲಿನ ವಸ್ತುಚಿತ್ರ ಇಲ್ಲಿ ಬೇರೂರಿದ್ದು ಬ್ರಿಟಿಷರ ಕಾಲದ ಕಲಾಶಾಲೆಗಳಿಂದ. ಮದರಾಸಿನಲ್ಲಿ 1850ರಲ್ಲಿ, ಮುಂಬಯಿಯಲ್ಲಿ 1857ರಲ್ಲಿ ಶಾಲೆಗಳು ತೆರೆದವು. ಅಲ್ಲಿಂದ ಹರಡಿದ ಪಾಠಕ್ರಮದಲ್ಲಿ ಅದು ಕೈ ಪಳಗಿಸುವ ಅಭ್ಯಾಸವಾಗಿ ಬಂತು, ಅನೇಕ ಕಡೆ ಅಭ್ಯಾಸವಾಗಿಯೇ ಉಳಿಯಿತು. ಅದನ್ನು ಅಭ್ಯಾಸದಿಂದ ಬಿಡಿಸಿದವರಲ್ಲಿ ಗೋವಾದಲ್ಲಿ ಹುಟ್ಟಿದ ಎಫ್. ಎನ್. ಸೋಜಾ ಮುಖ್ಯರು. ಬಾಲ್ಯದಲ್ಲಿ ಕಂಡ ಚರ್ಚಿನ ಪೂಜಾಪಾತ್ರೆಗಳನ್ನು ಅವರು ದಪ್ಪ ಕಪ್ಪು ಗೆರೆಗಳಲ್ಲಿ ಬರೆದರು. ನಮ್ಮ ಕಾಲದ ಸುಬೋಧ್ ಗುಪ್ತಾ ಸ್ಟೀಲ್ ಪಾತ್ರೆಗಳ ರಾಶಿಯನ್ನು ತೈಲವರ್ಣದಲ್ಲೂ ಶಿಲ್ಪದಲ್ಲೂ ತಂದಿದ್ದಾರೆ.

ಆದರೆ ಪುತ್ತೂರಿನವರಾದ ತಾವು ಈ ಪ್ರಶ್ನೆ ಕೇಳಿದ್ದು ನನಗೆ ಸೋಜಿಗ. ತಮ್ಮಲ್ಲಿ ಬಿಸು ಹಬ್ಬದ ಹಿಂದಿನ ರಾತ್ರಿ ಸೌತೆಕಾಯಿ, ತೆಂಗಿನಕಾಯಿ, ಗೇರುಹಣ್ಣು, ಅಕ್ಕಿ, ಕನ್ನಡಿ, ಒಡವೆಗಳನ್ನು ಹರಿವಾಣದಲ್ಲಿ ಜೋಡಿಸಿಟ್ಟು, ಬೆಳಗ್ಗೆ ಎದ್ದವರು ಕಣ್ಣು ಬಿಟ್ಟೊಡನೆ ಮೊದಲು ಅದನ್ನೇ ನೋಡಬೇಕು ಎನ್ನುತ್ತಾರಲ್ಲ! ತಿನ್ನಲಿಕ್ಕೂ ಅಲ್ಲ, ಮಾರಲಿಕ್ಕೂ ಅಲ್ಲ, ನೋಡಲಿಕ್ಕೆಂದೇ ಜೋಡಿಸಿದ ವಸ್ತುಗಳು. ‘ಬಿಸುಕಣಿ’ ಎಂಬ ಆ ಜೋಡಣೆಗೆ ಚೌಕಟ್ಟು ಹಾಕಿಲ್ಲ, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಡಕೆ, ಚೊಂಬು, ಬದನೆಕಾಯಿ ಇಟ್ಟರೆ ಮಕ್ಕಳು ಹತ್ತು ನಿಮಿಷದಲ್ಲಿ ಮುಗಿಸಿ ಆಕಳಿಸುತ್ತಾರೆ. ಏನು ಮಾಡಲಿ?
— ಚಿತ್ರಕಲಾ ಶಿಕ್ಷಕಿ, ಹೊನ್ನಾವರ

ಮೂರರ ಬದಲು ಒಂದೇ ಇಡಿ. ಟ್ಯೂಬ್‌ಲೈಟ್ ಆರಿಸಿ, ಒಂದೇ ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಮಾಡಿ. ನಾಲ್ಕು ಕಡೆಯಿಂದ ಬೆಳಕು ಬಿದ್ದರೆ ನೆರಳೇ ಇಲ್ಲವಾಗಿ ಚೊಂಬು ಚಪ್ಪಟೆಯಾಗುತ್ತದೆ. ಚೊಂಬನ್ನು ಬರೆಯುವ ಮೊದಲು ಅದರ ನೆರಳನ್ನು ಮಾತ್ರ ಬರೆಯಲು ಹೇಳಿ. ಹಿತ್ತಾಳೆಯ ಹೊಟ್ಟೆಯಲ್ಲಿ ಕಿಟಕಿಯ ಸರಳುಗಳು ಬಾಗಿ ಕಾಣುವುದನ್ನು ಒಬ್ಬ ಹುಡುಗಿ ಕಂಡುಹಿಡಿದರೆ ಸಾಕು, ಉಳಿದವರು ತಮ್ಮ ಮುಖ ಅಲ್ಲಿದೆಯೇ ಎಂದು ಹುಡುಕಲು ಶುರು ಮಾಡುತ್ತಾರೆ. ಕ್ಲಾರಾ ಪೇಟರ್ಸ್‌ಳ ಕಥೆಯನ್ನು ಆಗ ಹೇಳಿ, ಅದಕ್ಕೆ ಮೊದಲು ಬೇಡ.

ಇನ್ನೊಂದನ್ನು ನಾನೇ ಮಾಡಿಸಿ ನೋಡಿದ್ದೇನೆ. ಸೋಮವಾರ ಒಂದು ಚಿಪ್ಪು ಬಾಳೆಹಣ್ಣು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟು, ಶುಕ್ರವಾರದ ತನಕ ದಿನಕ್ಕೊಂದು ಚಿತ್ರ, ಅದೇ ಜಾಗದಲ್ಲಿ ಕೂತು. ಮೊದಲ ದಿನ ಎಲ್ಲರೂ ಹಳದಿ ಬಳಿದು ಮುಗಿಸುತ್ತಾರೆ. ಮಂಗಳವಾರ ತೊಟ್ಟಿನ ಬಳಿಯ ಹಸಿರು ಹೋಗಿರುತ್ತದೆ. ಬುಧವಾರಕ್ಕೆ ಚುಕ್ಕೆಗಳು ಬರುತ್ತವೆ. ಅವುಗಳನ್ನು ಎಣಿಸಿ ಬರೆಯುವ ಒಬ್ಬ ಹುಡುಗ ಎಲ್ಲ ತರಗತಿಯಲ್ಲೂ ಇರುತ್ತಾನೆ. ಗುರುವಾರ ಸಿಪ್ಪೆ ಕಂದಿ, ಒಂದು ಹಣ್ಣು ಚಿಪ್ಪಿನಿಂದ ತಾನಾಗಿ ಕಳಚಿಕೊಳ್ಳುತ್ತದೆ, ನಿನ್ನೆಯ ಗೆರೆ ಇವತ್ತಿಗೆ ಹೊಂದುವುದಿಲ್ಲ. ನಾನು ಮಾಡಿಸಿದಾಗ ಶುಕ್ರವಾರ ಬೆಳಗ್ಗೆ ಹೋಗಿ ನೋಡಿದರೆ ಆರರಲ್ಲಿ ನಾಲ್ಕೇ ಉಳಿದಿದ್ದವು, ಸಿಪ್ಪೆಗಳು ಕಟ್ಟೆಯ ಮೇಲೇ ಬಿದ್ದಿದ್ದವು. ಯಾರು ತಿಂದರೆಂದು ವಿಚಾರಿಸಲಿಲ್ಲ. ಸಿಪ್ಪೆಗಳನ್ನೂ ಸೇರಿಸಿ ಬರೆಯಲು ಹೇಳಿದೆ.